ನಾಡಿ ಎಣಿಸುತ್ತಿದ್ದ ಮೇಷ್ಟ್ರು

(ಗುರುತು ಸಿಗಬಾರದೆಂದು ಊರು, ಮನೆಯ ವಿವರಗಳನ್ನು ಬದಲಾಯಿಸಿದ್ದೇನೆ. ನಾನು ಡಾಕ್ಟರ್ ಅಲ್ಲ, ಆಪ್ತಸಲಹೆಗಾರ್ತಿ. ಇಲ್ಲಿರುವ ವೈದ್ಯಕೀಯ ಮಾತುಗಳನ್ನು ನಿಮ್ಮ ಡಾಕ್ಟರ ಜೊತೆ ಕೂತು ಮಾತಾಡುವಾಗ ಬಳಸಿಕೊಳ್ಳಿ, ಅವರ ಬದಲಿಗೆ ಅಲ್ಲ.)

ಮೇಷ್ಟ್ರು ಕುರ್ಚಿಯಲ್ಲಿ ಕೂತವರೇ ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟರು. ಕಣ್ಣು ನನ್ನ ಗೋಡೆ ಗಡಿಯಾರದ ಮೇಲೆ. ನಮಸ್ಕಾರ ಅಂದೆ. ತಲೆ ಮಾತ್ರ ಆಡಿಸಿದರು, ಎಣಿಕೆ ತಪ್ಪಬಾರದಲ್ಲ. ಒಂದು ನಿಮಿಷ ಆದ ಮೇಲೆ "96" ಅಂದು ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಬರೆದುಕೊಂಡರು. ಮಗಳು ನನ್ನ ಕಡೆ ನೋಡಿ, "ಬಸ್ಸಲ್ಲಿ ಬರ್ತಾ ಒಂಬತ್ತು ಸಲ ಆಯ್ತು ಮೇಡಂ" ಅಂದಳು.

67 ವರ್ಷ. ಮದ್ದೂರು ಕಡೆಯ ಹೈಸ್ಕೂಲೊಂದರಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಬಿಪಿ ಇದೆ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಜೂನ್‌ನಲ್ಲಿ ಒಂದು ರಾತ್ರಿ ಎದೆ ಡವಡವ ಅಂತ ಹೊಡೆದುಕೊಂಡು, ಬೆಳಿಗ್ಗೆ ಮಂಡ್ಯದಲ್ಲಿ ಇಸಿಜಿ ಮಾಡಿಸಿದಾಗ ಏಟ್ರಿಯಲ್ ಫಿಬ್ರಿಲೇಷನ್ ಎಂದು ಗೊತ್ತಾಯಿತು. ಹೃದಯದ ಮೇಲಿನ ಎರಡು ಕೋಣೆಗಳು ಲಯ ತಪ್ಪಿ, ಬಡಿಯುವ ಬದಲು ಅದುರುವ ಕಾಯಿಲೆ. ಚಿಕ್ಕದಾಗಿ ಎಎಫ್ ಅನ್ನುತ್ತಾರೆ. ಮೇಷ್ಟ್ರದ್ದು ಬಂದು ಹೋಗುವ ಬಗೆ. ಒಂದು ದಿನ, ಎರಡು ದಿನ ಇದ್ದು ತಾನೇ ನಿಲ್ಲುತ್ತದೆ.

ನನ್ನ ಹತ್ತಿರ ಬಂದಿದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ಮನೆ ಮೂರು ಪಾಲಾಗಿತ್ತು. ಬೆಂಗಳೂರಿನ ಮಗ ಕೂಡಲೇ ಅಬ್ಲೇಷನ್ (ಹೃದಯಕ್ಕೆ ತಂತಿ ತೂರಿಸಿ ಲಯ ಸರಿಪಡಿಸುವ ಚಿಕಿತ್ಸೆ) ಮಾಡಿಸೋಣ ಎಂದು ಹಟ ಹಿಡಿದಿದ್ದ. ಮಂಡ್ಯದ ಡಾಕ್ಟರ್ ಈ ವಯಸ್ಸಿಗೆ ಮಾತ್ರೆ ಸಾಕು ಅಂದಿದ್ದರು. ಎದುರುಮನೆಯವರು ಯಾವುದೋ ಕಷಾಯ ತಂದುಕೊಟ್ಟಿದ್ದರು. ಮೇಷ್ಟ್ರು ಮಾತ್ರ ಯಾರಿಗೂ ಏನೂ ಹೇಳದೆ ನಾಡಿ ಎಣಿಸುತ್ತಿದ್ದರು. ದಿನಾ ಬೆಳಿಗ್ಗೆ ವಿಶ್ವೇಶ್ವರಯ್ಯ ನಾಲೆ ಏರಿಯ ಮೇಲೆ ಎರಡು ಮೈಲಿ ನಡೆಯುತ್ತಿದ್ದವರು ಗೇಟು ದಾಟುವುದನ್ನೇ ಬಿಟ್ಟಿದ್ದರು.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಇದು ಭಯದ ಕೇಸು ಅಂದುಕೊಂಡು ಮುಕ್ಕಾಲು ಗಂಟೆ ಅದನ್ನೇ ಹಿಡಿದುಕೊಂಡೆ. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ. ಹೊರಡುವಾಗ ಸುಮ್ನೆ ಕೇಳಿದೆ, "ಮಾತ್ರೆ ಸರಿಯಾಗಿ ತಗೋತಿದ್ದೀರಾ ಮೇಷ್ಟ್ರೇ?" ಅವರು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: "ರಕ್ತ ತೆಳ್ಳಗಾಗೋದು ಬಿಟ್ಟಿವ್ನಿ ಕಣವ್ವಾ. ಹಲ್ಲುಜ್ಜಿದ್ರೆ ವಸಡಲ್ಲಿ ರಕ್ತ ಬರ್ತಿತ್ತು. ಹನ್ನೊಂದು ದಿನ ಆಯ್ತು."

ಮಗಳ ಮುಖ ಬಿಳಿಚಿಕೊಂಡಿತು. ಅವಳಿಗೂ ಗೊತ್ತಿರಲಿಲ್ಲ. ಅವರನ್ನು ಮತ್ತೆ ಕೂರಿಸಿ, ಮಂಡ್ಯದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಅವತ್ತೇ ಶುರು ಮಾಡಿ, ವಸಡನ್ನು ದಂತವೈದ್ಯರಿಗೆ ತೋರಿಸಿ ಎಂದರು. ಆಮೇಲೆ ಗೊತ್ತಾದ ಪ್ರಕಾರ ವಸಡಿಗೆ ಮೊದಲೇ ಸೋಂಕಿತ್ತು, ಬ್ರಷ್ಷೂ ಗಡುಸಿತ್ತು. ಮಾತ್ರೆ ಅದನ್ನು ಬಯಲಿಗೆ ತಂದಿತ್ತು, ಅಷ್ಟೇ.

ಎಎಫ್‌ನಲ್ಲಿ ಎದೆ ಹೊಡೆದುಕೊಳ್ಳುವುದಕ್ಕೆ ಜನ ಹೆದರುತ್ತಾರೆ. ಹೆದರಬೇಕಾದದ್ದು ಸದ್ದೇ ಇಲ್ಲದ ಇನ್ನೊಂದಕ್ಕೆ. ಮೇಲಿನ ಕೋಣೆ ಪೂರ್ತಿ ಹಿಂಡದೆ ಬರೀ ಅದುರುವಾಗ, ಅದರ ಎಡಮೂಲೆಯ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಎಎಫ್ ಇದ್ದವರಿಗೆ ಅದರ ಅಪಾಯ ಸುಮಾರು ಐದು ಪಟ್ಟು. ಎಲ್ಲರಿಗೂ ಒಂದೇ ಸಮ ಅಲ್ಲ, ಅದನ್ನು ಅಳೆಯಲು ಡಾಕ್ಟರುಗಳು ಒಂದು ಅಂಕ ಲೆಕ್ಕ ಇಟ್ಟುಕೊಂಡಿದ್ದಾರೆ.

ಎರಡನೇ ಭೇಟಿಯಲ್ಲಿ ಆ ಲೆಕ್ಕವನ್ನು ಮೇಷ್ಟ್ರ ಕೈಯಲ್ಲೇ ಮಾಡಿಸಿದೆ. ಬಿಪಿಗೆ 1, ಸಕ್ಕರೆಗೆ 1, ಹೃದಯ ಸೋತಿದ್ದರೆ 1, ರಕ್ತನಾಳದ ಕಾಯಿಲೆಗೆ 1. ವಯಸ್ಸು 65 ರಿಂದ 74 ಆದರೆ 1, 75 ತುಂಬಿದರೆ 2. ಮೊದಲೇ ಸ್ಟ್ರೋಕ್ ಆಗಿದ್ದರೆ 2. ಹೆಂಗಸಾದರೆ ಇನ್ನೊಂದು ಅಂಕ ಸೇರಿಸುವ ರೂಢಿ ಇತ್ತು, 2024ರ ಯುರೋಪಿನ ಮಾರ್ಗಸೂಚಿ ಅದನ್ನು ಕೈಬಿಟ್ಟಿದೆ. ಮೇಷ್ಟ್ರು ಕೂಡಿ 3 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು. 2 ಇದ್ದರೇ ಹೆಪ್ಪುಗಟ್ಟದಂತೆ ತಡೆಯುವ ಆ ರಕ್ತದ ಮಾತ್ರೆ ಬೇಕು ಅನ್ನುತ್ತಾರೆ ಎಂದೆ. "ಹಂಗಾದ್ರೆ ಪಾಸಾಗೋಗಿವ್ನಿ" ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರ ಮಾತ್ರೆ ರಿವರಾಕ್ಸಬಾನ್, 20 ಮಿಲಿಗ್ರಾಂ. ಬೆಳಿಗ್ಗೆ ಬರೀ ಕಾಫಿ ಜೊತೆ ನುಂಗುತ್ತಿದ್ದರಂತೆ. ಇದನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಪೂರ್ತಿ ಮೈಗೆ ಸೇರುವುದಿಲ್ಲ. ಡಾಕ್ಟರನ್ನು ಕೇಳಿ ರಾತ್ರಿ ಮುದ್ದೆ ಊಟಕ್ಕೆ ಬದಲಾಯಿಸಿದೆವು. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್ ನಿಂತಿತು. ಈ ಎರಡೂ ಸೇರಿದರೆ ರಕ್ತಸ್ರಾವ ಜಾಸ್ತಿ. ಏನೇನು ಬೆರೆಸಿದ್ದಾರೆ ಎಂದು ಗೊತ್ತಿಲ್ಲದ ಆ ಕಷಾಯವೂ ನಿಂತಿತು. ಎದುರುಮನೆಯವರು ಒಂದು ವಾರ ಮಾತು ಬಿಟ್ಟರಂತೆ. ಮನೆಯವರಿಗೆ ಇನ್ನೊಂದು ಮಾತು ಹೇಳಿದೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಕಾದು ನೋಡಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಸಾಕಷ್ಟು ಮೊದಲೇ ಆಸ್ಪತ್ರೆ ತಲುಪಿರಬೇಕು, ಮತ್ತು ಮಾತ್ರೆ ನುಂಗಿದ ಹೊತ್ತನ್ನು ಅಲ್ಲಿ ಹೇಳಬೇಕು.

ಇಲ್ಲೊಂದು ಅಡ್ಡಮಾತು. ಎಎಫ್ ಇರುವ ಎಲ್ಲರಿಗೂ ರಿವರಾಕ್ಸಬಾನ್‌ನಂಥ ಈ ಹೊಸ ಮಾತ್ರೆ ಆಗುವುದಿಲ್ಲ. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದು ಹೃದಯದ ಕವಾಟ ಕಿರಿದಾದವರು, ಅದರಲ್ಲೂ ಹೆಂಗಸರು, ನಮ್ಮ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. ಅಂಥವರಿಗೆ 2022ರ ದೊಡ್ಡ ಅಧ್ಯಯನದಲ್ಲೂ ವಾರ್ಫರಿನ್‌ನಂಥ ಹಳೆಯ ಬಗೆಯ ಮಾತ್ರೆಯೇ ಮೇಲಾಯಿತು. ಲೋಹದ ಕವಾಟ ಹಾಕಿಸಿಕೊಂಡವರಿಗೂ ಹಳೆಯದೇ. ಅದಕ್ಕೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸದೆ ಮಾತ್ರೆ ಆರಿಸಬಾರದು. ಹಳೆ ಮಾತ್ರೆಗೆ ಐಎನ್ಆರ್ ಎಂಬ ರಕ್ತಪರೀಕ್ಷೆ ಆಗಾಗ ಬೇಕು. ಹಿಂದೆ ನನ್ನ ಹತ್ತಿರ ಬಂದಿದ್ದ ಒಬ್ಬ ತಾಯಿಗೆ ಸೊಪ್ಪು ತಿನ್ನಬಾರದು ಎಂದು ಯಾರೋ ಹೇಳಿ, ಮನೆಯಲ್ಲಿ ಬಸ್ಸಾರು ಮಾಡಿದ ದಿನವೆಲ್ಲ ಆಕೆಗೆ ಮಜ್ಜಿಗೆ ಅನ್ನ ಮಾತ್ರ. ಎರಡು ವರ್ಷ! ಸೊಪ್ಪು ಬಿಡಬೇಕಾಗಿಲ್ಲ. ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಮುಟ್ಟದೆ ಇರಬಾರದು, ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಬೇಕು. ಮಂಡ್ಯದವರಿಗೆ ಬಸ್ಸಾರು ಬಿಡಿಸುವುದು ಸಲಹೆಯಲ್ಲ, ಶಿಕ್ಷೆ.

ಮೇಷ್ಟ್ರ ಎಕೋದಲ್ಲಿ ಕವಾಟ ಚೆನ್ನಾಗಿತ್ತು. ಎಡಗಡೆಯ ಮೇಲಿನ ಕೋಣೆ ಮಾತ್ರ ಸ್ವಲ್ಪ ಹಿಗ್ಗಿತ್ತು.

ಮೂರನೇ ಭೇಟಿಗೆ ಮಗನೂ ಬಂದ. ಫೋನ್ ತುಂಬ ಆಸ್ಪತ್ರೆಗಳ ವಿಡಿಯೋ. ನನಗೆ ಮೊದಲು ಸಿಟ್ಟು ಬಂದಿದ್ದು ನಿಜ. ಆಮೇಲೆ ಅನ್ನಿಸಿತು, ಅವನ ಆತುರ ಪೂರ್ತಿ ತಪ್ಪಲ್ಲ. 2002ರ ಅಮೆರಿಕದ ಅಧ್ಯಯನದಲ್ಲಿ ಲಯ ಸರಿಪಡಿಸುವ ಮಾತ್ರೆ ಕೊಟ್ಟವರೂ, ಬರೀ ವೇಗ ತಗ್ಗಿಸುವ ಮಾತ್ರೆ ಕೊಟ್ಟವರೂ ಬದುಕುಳಿಯುವುದರಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮಂಡ್ಯದ ಡಾಕ್ಟರ ಮಾತು ಆ ಕಾಲದ್ದು. 2020ರಲ್ಲಿ ಯುರೋಪಿನ ಅಧ್ಯಯನ ಬಂತು. ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ಲಯ ಸರಿಪಡಿಸಲು ಹೊರಟರೆ ಸ್ಟ್ರೋಕ್, ಹೃದಯದ ಸಾವು ಕಡಿಮೆ ಎಂದಿತು. ಮಗ ಹೇಳುತ್ತಿದ್ದುದು ಇದನ್ನೇ. ಇಬ್ಬರ ಮಾತಲ್ಲೂ ಹುರುಳಿತ್ತು, ಮೇಷ್ಟ್ರು ನಡುವೆ ಸಿಕ್ಕಿಕೊಂಡಿದ್ದರು. ಒಂದು ವರ್ಷ ಅಂದರೆ ನಾಳೆ ಬೆಳಿಗ್ಗೆ ಅಲ್ಲ ಎಂದು ಮಗನಿಗೆ ಹೇಳಿದೆ. ರಕ್ತದ ಮಾತ್ರೆ ಬಿಡಬೇಡಿ, ಅದನ್ನು ಕಾಯಿಸುವ ಹಾಗಿಲ್ಲ. ಅಬ್ಲೇಷನ್ ಮಾಡಿಸುವುದೋ ಬೇಡವೋ, ಯಾರ ಹತ್ತಿರ ಅನ್ನುವುದಕ್ಕೆ ತಿಂಗಳುಗಳ ಸಮಯ ಇದೆ.

ಅಬ್ಲೇಷನ್ ಅಂದರೆ ತೊಡೆಯ ರಕ್ತನಾಳದಿಂದ ತೆಳು ತಂತಿ ತೂರಿಸಿ, ಮೇಲಿನ ಎರಡು ಕೋಣೆಗಳ ನಡುಗೋಡೆ ಚುಚ್ಚಿ ಎಡಕ್ಕೆ ದಾಟಿ, ಶ್ವಾಸಕೋಶದಿಂದ ಬರುವ ನಾಲ್ಕು ರಕ್ತನಾಳಗಳ ಬಾಯಿಯ ಸುತ್ತ ಬಳೆಯ ಹಾಗೆ ಸುಟ್ಟೋ ಅತಿ ತಣ್ಣಗೆ ಮರಗಟ್ಟಿಸಿಯೋ ಗಾಯ ಮಾಡುವುದು. ಕೆಟ್ಟ ಕರೆಂಟು ಹುಟ್ಟುವುದು ಹೆಚ್ಚಾಗಿ ಅಲ್ಲೇ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ತಂಡ ತೋರಿಸಿಕೊಟ್ಟಿತು. ಈಗ ಬಿಸಿ, ತಂಪು ಎರಡೂ ಇಲ್ಲದೆ ವಿದ್ಯುತ್ ಮಿಡಿತದಿಂದ ಮಾಡುವ ವಿಧಾನವೂ ಬಂದಿದೆ. ಬಂದು ಹೋಗುವ ಬಗೆಯವರಲ್ಲಿ ಒಂದು ಸಲಕ್ಕೆ ನೂರಕ್ಕೆ ಸುಮಾರು 70 ಜನಕ್ಕೆ ಒಂದು ವರ್ಷ ನೆಮ್ಮದಿ. ನೂರಕ್ಕೆ ಸುಮಾರು ಒಬ್ಬರಿಗೆ ಹೃದಯದ ಸುತ್ತ ರಕ್ತ ತುಂಬುವಂಥ ದೊಡ್ಡ ತೊಡಕು ಆಗಬಹುದು.

"ಪಂಪ್‌ಸೆಟ್ಟಿಗೆ ಪೈಪ್ ಕೂರ್ಸೋನೇ ಬೇರೆ, ಮೋಟ್ರು ಕಾಯಿಲ್ ಕಟ್ಟೋನೇ ಬೇರೆ, ಅಲ್ವಾ?" ಎಂದು ಮೇಷ್ಟ್ರು ಕೇಳಿದರು. ಸ್ಟೆಂಟ್ ಹಾಕುವುದರಲ್ಲಿ ಹೆಸರಾದ ಡಾಕ್ಟರ್ ಇದಕ್ಕೆ ತಜ್ಞರಾಗಿರಬೇಕಿಲ್ಲ. ಹೃದ್ರೋಗದ ಡಿಎಂ ಪದವಿ ಆದ ಮೇಲೆ ಎಲೆಕ್ಟ್ರೋಫಿಸಿಯಾಲಜಿಯಲ್ಲಿ, ಅಂದರೆ ಹೃದಯದ ಕರೆಂಟಿನ ವಿದ್ಯೆಯಲ್ಲಿ, ಬೇರೆಯಾಗಿ ತರಬೇತಿ ಪಡೆದವರು ಬೇಕು. ನಮ್ಮ ಕಡೆ ಹೃದಯ ಅಂದರೆ ಜಯದೇವ, ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲೂ ಇದೆ. ಎಲ್ಲಿಗೆ ಹೋದರೂ ಕಟ್ಟಡ ನೋಡಿ ತೀರ್ಮಾನಿಸಬೇಡಿ, ತಂತಿ ಹಿಡಿಯುವ ಕೈ ಯಾರದ್ದು ಎಂದು ಕೇಳಿ ಅಂದೆ. ಅಬ್ಲೇಷನ್ ಎಷ್ಟು ಮಾಡಿದ್ದೀರಿ ಅಂದರೆ ಸಾಲದು, ಬೇರೆ ಬಗೆಯ ಸುಲಭದ ಅಬ್ಲೇಷನ್‌ಗಳೂ ಆ ಲೆಕ್ಕದಲ್ಲಿ ಸೇರಿಬಿಡುತ್ತವೆ. ಎಎಫ್‌ಗೇ ಎಷ್ಟು, ಕಳೆದ ವರ್ಷ ಎಷ್ಟು, ನೀವೇ ಮಾಡಿದ್ದು ಎಷ್ಟು? ವರ್ಷಕ್ಕೆ 25ಕ್ಕಿಂತ ಕಡಿಮೆ ಮಾಡುವವರಲ್ಲಿ ತೊಡಕು ಜಾಸ್ತಿ ಎಂದು ಅಮೆರಿಕದ ಆಸ್ಪತ್ರೆ ದಾಖಲೆಗಳಿಂದ ಹಿಂದೆಯೇ ಗೊತ್ತಾಗಿದೆ. ನನ್ನಂಥ ಹಿಗ್ಗಿದ ಕೋಣೆಯವರಲ್ಲಿ ಎಷ್ಟು ಜನಕ್ಕೆ ವಾಪಸ್ ಬಂತು, ಅದನ್ನು ಹೇಗೆ ಪತ್ತೆ ಹಚ್ಚಿದಿರಿ, ಎದೆಯಲ್ಲಿ ರಕ್ತ ತುಂಬಿದರೆ ಸರ್ಜನ್ ಅದೇ ಕಟ್ಟಡದಲ್ಲಿ ಇದ್ದಾರಾ, ಎರಡನೇ ಸಲ ಬೇಕಾದರೆ ಖರ್ಚೆಷ್ಟು? ಇವನ್ನೆಲ್ಲ ಮೇಷ್ಟ್ರು ತಮ್ಮ ಗುಂಡು ಅಕ್ಷರದಲ್ಲಿ ಬರೆದುಕೊಂಡರು.

ಮೊದಲು ನೋಡಿದ ತಜ್ಞರೊಬ್ಬರು ಎರಡನೇ ಪ್ರಶ್ನೆಗೇ ರೇಗಿ, "ನೀವೇನು ಮೇಷ್ಟ್ರಾ?" ಎಂದರಂತೆ. ಇವರು "ಹೌದು ಸಾರ್" ಅಂದರಂತೆ. ಮುಂದಿನ ವಾರಕ್ಕೆ ದಿನ ಕೊಟ್ಟಿದ್ದರು. ಇವರು ಹೋಗಲಿಲ್ಲ.

ಎರಡನೆಯವರು ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು ತೋರಿಸಿದರು. ತಮ್ಮ ಅಂಕಿಗಳನ್ನು ಹೇಳಿದರು, ತಮ್ಮ ಕೈಯಲ್ಲಿ ಆದ ತೊಡಕುಗಳನ್ನೂ ಹೇಳಿದರು. ನಾನಾಗಿದ್ದರೂ ಇವರನ್ನೇ ಆರಿಸುತ್ತಿದ್ದೆ, ತಪ್ಪು ಒಪ್ಪಿಕೊಳ್ಳುವವರ ಲೆಕ್ಕ ನಂಬಬಹುದು. ಆ ನೋಟ್‌ಬುಕ್ ನೋಡಿ ಅವರು ಒಂದು ಮಾತು ಹೇಳಿದರಂತೆ: "ಲಯ ತಪ್ಪಿದಾಗ ಎದೆಯ ಎಲ್ಲ ಬಡಿತವೂ ಮಣಿಕಟ್ಟಿಗೆ ತಲುಪಲ್ಲ. ಒಳಗೆ 120 ಇದ್ರೂ ನಿಮ್ಮ ಬೆರಳಿಗೆ 96 ಸಿಗಬಹುದು." ಮೂರು ತಿಂಗಳ ಅಂಕಿ ಅಂಶ ಹೀಗೆ ಹೋಯಿತು. ಮೇಷ್ಟ್ರಿಗೆ ಎರಡು ದಿನ ಬೇಜಾರು, ಆಮೇಲೆ ಹಗುರ. ನನ್ನ ಉಸಿರಾಟದ ಅಭ್ಯಾಸ ಮಾಡದ ಕೆಲಸವನ್ನು ಆ ಒಂದು ವಾಕ್ಯ ಮಾಡಿತು.

ಅದೇ ಡಾಕ್ಟರ್ ಹೆಂಡತಿಯನ್ನು ಕೇಳಿದರು, ಗೊರಕೆ ಹೊಡೀತಾರಾ? "ಆಲೆಮನೆ ಇಂಜಿನ್ ಥರ. ನಡುವೆ ಒಂದೊಂದ್ಸಲ ನಿಂತೇ ಹೋಯ್ತದೆ, ನಾನೇ ಅಲುಗಾಡಿಸ್ತೀನಿ" ಅಂದರು ಆಯಮ್ಮ. ನಿದ್ದೆ ಪರೀಕ್ಷೆಯಲ್ಲಿ ಉಸಿರು ಪದೇ ಪದೇ ನಿಲ್ಲುವುದು ಕಂಡಿತು. ಅದನ್ನು ಹಾಗೇ ಬಿಟ್ಟು ಅಬ್ಲೇಷನ್ ಮಾಡಿದರೆ ಎಎಫ್ ವಾಪಸ್ ಬರುವ ಸಂಭವ ಜಾಸ್ತಿ. ರಾತ್ರಿ ಮೂಗಿಗೆ ಹಾಕಿಕೊಳ್ಳುವ ಗಾಳಿ ಮಷೀನ್ ಬಂತು. ತೂಕ 84 ಕೆಜಿಯಿಂದ 78ಕ್ಕೆ ಇಳಿಯಿತು. ನಾಲೆ ಏರಿಯ ವಾಕಿಂಗ್ ಮತ್ತೆ ಶುರುವಾಯಿತು, ಮೊದಮೊದಲು ಹೆಂಡತಿ ಜೊತೆಗೆ.

ಎಎಫ್ ಕಡಿಮೆಯಾಯಿತು, ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ನಾನು ಕೇಳಿದೆ, ನಿಮಗೇನು ಬೇಕು? ಅಷ್ಟು ದಿನ ಎಲ್ಲರೂ ಏನು ಮಾಡಬೇಕು ಎಂದು ಕೇಳಿದ್ದರು, ಇದನ್ನು ಯಾರೂ ಕೇಳಿರಲಿಲ್ಲ. "ಒಬ್ನೇ ಬಸ್ ಹತ್ತಬೇಕು" ಎಂದರು. ಲಯದ ಮಾತ್ರೆಯೂ ಒಂದು ದಾರಿ ಎಂದು ಡಾಕ್ಟರ್ ಹೇಳಿದ್ದರು. ಇನ್ನೊಂದು ಮಾತ್ರೆ ಬೇಡ ಎಂದು ಮೇಷ್ಟ್ರು ಜನವರಿಯಲ್ಲಿ ಅಬ್ಲೇಷನ್ ಮಾಡಿಸಿಕೊಂಡರು. ಮಗ ರಜೆ ಹಾಕಿ ಜೊತೆಗಿದ್ದ.

ಮೂರನೇ ವಾರ ಬೆಳಿಗ್ಗೆ 5 ಗಂಟೆಗೆ ಮಗಳ ಫೋನ್. ಮತ್ತೆ ಎದೆ ಹೊಡೆದುಕೊಳ್ಳುತ್ತಿದೆ, ದುಡ್ಡೆಲ್ಲ ನೀರಲ್ಲಿ ಹೋಯ್ತಾ ಮೇಡಂ? ಮೊದಲ ಎರಡು ಮೂರು ತಿಂಗಳು ಗಾಯ ಮಾಗುವಾಗ ಹೀಗಾಗಬಹುದು, ಅದನ್ನು ಸೋಲು ಎಂದು ಎಣಿಸುವುದಿಲ್ಲ ಎಂದು ಡಾಕ್ಟರ್ ಮೊದಲೇ ಬರೆದುಕೊಟ್ಟಿದ್ದರು. ಆ ಚೀಟಿ ತೆಗೆದು ಓದಿ, ಆ ತಂಡಕ್ಕೂ ತಿಳಿಸಿ ಅಂದೆ. ಅದರಲ್ಲೇ ಇನ್ನೊಂದು ಸಾಲೂ ಇತ್ತು. ಕೆಲವು ವಾರಗಳಲ್ಲಿ ಜ್ವರ ಬಂದರೆ, ನುಂಗಲು ನೋವಾದರೆ, ಊರಿನ ಕ್ಲಿನಿಕ್‌ನಲ್ಲಿ ಮಾತ್ರೆ ತಗೊಂಡು ಮಲಗಬೇಡಿ, ಕೂಡಲೇ ನಮಗೆ ಫೋನ್ ಮಾಡಿ ಎಂದು. ಅಪರೂಪಕ್ಕೆ ಅನ್ನನಾಳಕ್ಕೆ ಪೆಟ್ಟಾಗಿರಬಹುದು. ಇವರಿಗೆ ಹಾಗಾಗಲಿಲ್ಲ.

ಮೇ ತಿಂಗಳಲ್ಲಿ ಒಬ್ಬರೇ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಒಂದು ಪೊಟ್ಟಣ ಬೆಲ್ಲ. ತಾವೇ ತಿನ್ನುವ ಹಾಗಿಲ್ಲ, ಅದಕ್ಕೇ ನನಗೆ. ಲಯ ಸರಿಯಾಗಿದೆಯಲ್ಲ, ರಕ್ತದ ಮಾತ್ರೆ ಬಿಡೋಣ ಎಂದು ಮಗ ಕೇಳುತ್ತಿದ್ದಾನಂತೆ. ಡಾಕ್ಟರ್ ಏನಂದರು ಎಂದೆ.

"ಬಿಡಂಗಿಲ್ಲ ಅಂದ್ರು. ಅಂಕ ನೋಡಿ ಕೊಡೋದು, ಲಯ ನೋಡಿ ಅಲ್ಲ ಅಂತ. ನಂದು 3 ಹಂಗೇ ಅದೆಯಲ್ಲ" ಎಂದು ಮೇಷ್ಟ್ರು ಬೆರಳು ಮಡಿಚಿ ತೋರಿಸಿದರು. "75 ಆದ್ಮೇಲೆ 4 ಆಯ್ತದೆ ಕಣವ್ವಾ."