ಬೀಗ ನಮ್ಮ ಮನೆಗೆ, ಬೀಗದ ಕೈ ಅವರ ಜೇಬಿನಲ್ಲಿ

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಕಂಪ್ಯೂಟರ್ ಗೇಮ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಕಾಪಿ ಪ್ರೊಟೆಕ್ಷನ್ (ಗೇಮನ್ನು ಕದ್ದು ನಕಲು ಮಾಡದ ಹಾಗೆ ಹಾಕುವ ಬೀಗ) ವಿರುದ್ಧ ಕೂಗಾಡಿದ ಗೇಮರ್‌ಗಳನ್ನು ಲೇಖಕರು ಹುತಾತ್ಮರ ಹಾಗೆ ತೋರಿಸಿದ್ದಾರೆ. ನಾನೂ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕದಿಯದವನಿಗೆ ಬೀಗ ಕಂಡರೆ ಯಾಕೆ ಸಿಟ್ಟು ಬರಬೇಕು? ಅಂದಹಾಗೆ, ನಿಮ್ಮ 1998ರ ದೀಪಾವಳಿ ವಿಶೇಷಾಂಕದಲ್ಲಿ ನಮ್ಮ ತಾತನ ಬಗ್ಗೆ ಒಂದು ಬರಹ ಬಂದಿತ್ತು. ಅದರ ಸಾಫ್ಟ್ ಕಾಪಿ ಇದ್ದರೆ ದಯವಿಟ್ಟು ಇಮೇಲ್ ಮಾಡಿ.
— ಓದುಗರೊಬ್ಬರು, ಬನಶಂಕರಿ 3ನೇ ಹಂತ, ಬೆಂಗಳೂರು

ಸಂಪಾದಕರ ಉತ್ತರ:

ನಿಮ್ಮ ಪತ್ರ ನೋಡಿ ಖುಷಿಯಾಯಿತು. ಸಾಫ್ಟ್‌ವೇರ್‌ನವರು ಪೆನ್ನು ಹಿಡಿದು ಬರೆಯುವುದೇ ಅಪರೂಪ, ಅದರಲ್ಲೂ ಅಕ್ಷರ ಇಷ್ಟು ದುಂಡಗೆ! ಆದರೆ ನೀವು ಮುಟ್ಟಿರುವುದು ನಮ್ಮ ಹಳೇ ಗಾಯವನ್ನು. ಉತ್ತರ ಉದ್ದವಾಗುತ್ತದೆ. ಒಂದು ಲೋಟ ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ನಿಮ್ಮ ಕಡೆಯ ಮಾತು. 2006ರಲ್ಲಿ ಟೈಟನ್ ಕ್ವೆಸ್ಟ್ ಎಂಬ ಗೇಮ್ ಬಂತು. ಅದರ ಕದ್ದ ಪ್ರತಿಗಳು ಆಟದ ನಡುವೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಅದು ಕಾಪಿ ಪ್ರೊಟೆಕ್ಷನ್ ಕೆಲಸ. ಕದ್ದವರು ಹಾಗಂತ ಹೇಳಿಕೊಳ್ಳುತ್ತಾರೆಯೇ? ‘ಗೇಮ್ ಡಬ್ಬ, ಬರೀ ಕ್ರ್ಯಾಶ್ ಆಗುತ್ತೆ’ ಎಂದು ಸಾರಿಕೊಂಡು ಬಂದರು. ಅದನ್ನು ಮಾಡಿದ ಐರನ್ ಲೋರ್ ಸ್ಟುಡಿಯೋ 2008ರಲ್ಲಿ ಬಾಗಿಲು ಹಾಕಿತು. ಪ್ರಕಾಶಕ ಕಂಪನಿಯ ಮೈಕಲ್ ಫಿಚ್ ಇದನ್ನೆಲ್ಲ ನೊಂದು ಬರೆದರು. ಕಳ್ಳತನ ಕಳ್ಳತನವೇ, ಅನ್ನ ಕಳೆದುಕೊಂಡವರು ನಿಮ್ಮಂಥ ದುಡಿಯುವ ಜನ. ಒಪ್ಪಿದೆ. ನಿಮ್ಮ ಪಾಲಿನ ನ್ಯಾಯ ಇಲ್ಲಿಗೆ ಮುಗಿಯಿತು.

ಇನ್ನು ಬೀಗದ ವಿಷಯ. ಗೇಮರ್‌ಗಳು ಯಾವ ಬೀಗ ಕಂಡರೂ ಕೂಗಾಡಿದರು ಅಂತ ನೀವು ತಿಳಿದಂತಿದೆ. ಹಾಗೇನಿಲ್ಲ. 1988ರಲ್ಲಿ ಎಸ್‌ಎಸ್‌ಐ ಕಂಪನಿಯ ಪೂಲ್ ಆಫ್ ರೇಡಿಯನ್ಸ್ ಬಂತು. ಪಾತ್ರ ಕಟ್ಟಿಕೊಂಡು ತಿಂಗಳುಗಟ್ಟಲೆ ಆಡುವಂಥ ಆಟ, ರೋಲ್ ಪ್ಲೇಯಿಂಗ್ ಗೇಮ್. ಪೆಟ್ಟಿಗೆಯಲ್ಲಿ ಫ್ಲಾಪಿ ಜೊತೆ ರಟ್ಟಿನ ಒಂದು ಚಕ್ರ ಇರುತ್ತಿತ್ತು. ಒಂದರ ಮೇಲೊಂದು ತಿರುಗುವ ಬಿಲ್ಲೆಗಳು, ಅಂಚಿನಲ್ಲಿ ಕತೆಯ ಲೋಕದ ಎಲ್ಫ್‌ಗಳ ಲಿಪಿ, ಕುಳ್ಳರ ಲಿಪಿ. ಪರದೆಯ ಮೇಲೆ ಎರಡು ಗುರುತು ಬರುತ್ತವೆ. ಚಕ್ರ ತಿರುಗಿಸಿ ಅವನ್ನು ಹೊಂದಿಸಿದರೆ ಕಿಂಡಿಯಲ್ಲಿ ಒಂದು ಪದ ಕಾಣುತ್ತದೆ. ಅದನ್ನು ಟೈಪ್ ಮಾಡಿದರೆ ಆಟ ಶುರು.

ಜಯನಗರದಲ್ಲಿ ನಮ್ಮ ಗೆಳೆಯನೊಬ್ಬನ ಹತ್ತಿರ ಈ ಪೆಟ್ಟಿಗೆ ಇತ್ತು, ಅವನ ಅಣ್ಣ ಅಮೆರಿಕದಿಂದ ತಂದಿದ್ದು. ಚಕ್ರ ಹಾಳಾದೀತು ಅನ್ನುವ ಭಯಕ್ಕೆ ಅದನ್ನು ಬಿಚ್ಚಿ ಜೆರಾಕ್ಸ್ ಅಂಗಡಿಗೆ ಒಯ್ದೆವು. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, ‘ಯಾರ ಜಾತಕ ಸಾರ್ ಇದು?’ ಅಂದರು. ಮನೆಗೆ ಬಂದು ಹಾಳೆಗಳನ್ನು ಲಗ್ನಪತ್ರಿಕೆಯ ರಟ್ಟಿಗೆ ಅಂಟಿಸಿ ನಡುವೆ ಗುಂಡುಸೂಜಿ ಚುಚ್ಚಿದೆವು. ಹೌದು, ನೀವು ಹೇಳುವ ಕಳ್ಳರಲ್ಲಿ ನಾವೂ ಒಬ್ಬರು. ಹೆಗಲು ಮುಟ್ಟಿ ನೋಡಿಕೊಂಡಿದ್ದೇವೆ.

ಆದರೆ ಆ ಚಕ್ರದ ಮೇಲೆ ಯಾರಿಗೂ ಅಂಥ ಸಿಟ್ಟಿರಲಿಲ್ಲ. ಅದು ಆಟದ ಜೊತೆಗೆ ಬಂದ ಆಟಿಕೆಯ ಹಾಗಿತ್ತು. ಅದೇ ವರ್ಷ ಬಂದ ವೇಸ್ಟ್‌ಲ್ಯಾಂಡ್‌ನಲ್ಲಿ ಕತೆಯ ಎಷ್ಟೋ ಭಾಗ ಪ್ರತ್ಯೇಕ ಪುಸ್ತಕದಲ್ಲಿತ್ತು. ‘ಇಂತಿಷ್ಟನೇ ಪ್ಯಾರಾ ಓದು’ ಎಂದು ಗೇಮ್ ಹೇಳಿದಾಗ ತೆರೆದು ಓದಬೇಕು. ಪುಸ್ತಕ ಇಲ್ಲದವನಿಗೆ ಕತೆ ಅರ್ಧಂಬರ್ಧ. ಆತುರಕ್ಕೆ ಮೊದಲೇ ಓದುವವರಿಗೆ ಅಂತಲೇ ಮಂಗಳ ಗ್ರಹದ ಒಂದು ಸುಳ್ಳು ಕತೆ ಬೇರೆ ತುರುಕಿದ್ದರು! 1992ರ ಅಲ್ಟಿಮಾ 7ರಲ್ಲಂತೂ ಊರಿನ ಮೇಯರೇ ಪರೀಕ್ಷೆ ಮಾಡುತ್ತಾನೆ. ಪೆಟ್ಟಿಗೆಯಲ್ಲಿ ಬಂದ ನಕ್ಷೆ, ಪುಸ್ತಕ ನೋಡಿ ಉತ್ತರ ಹೇಳದಿದ್ದರೆ ಊರ ಬಾಗಿಲು ದಾಟಲು ಪಾಸ್‌ವರ್ಡ್ ಕೊಡುವುದಿಲ್ಲ. ಇವೆಲ್ಲವೂ ಬೀಗಗಳೇ. ಬೀಗದ ಕೈ ಮಾತ್ರ ಕಾಸು ಕೊಟ್ಟವನ ಕೈಯಲ್ಲೇ ಇತ್ತು. ಕಂಪನಿ ಮುಳುಗಿಹೋದರೂ, ಮಾಡಿದವರೇ ತೀರಿಕೊಂಡರೂ ಚಕ್ರ ತಿರುಗುತ್ತದೆ.

ಆ ಬೀಗದ ಕೈ ನಮ್ಮಿಂದ ತಪ್ಪಿಹೋದದ್ದು ಯಾವಾಗ ಗೊತ್ತಾ? ಅದು ಇಂಟರ್‌ನೆಟ್ ಮೇಲೆ ಹೋಗಿ ಕಂಪನಿಯ ಮನೆ ಸೇರಿಕೊಂಡಾಗ.

2008ರಲ್ಲಿ ಮಾಸ್ ಎಫೆಕ್ಟ್ ಎಂಬ ಗೇಮ್ ಪಿ.ಸಿ.ಗೆ ಬರುವ ಮೊದಲೇ ಒಂದು ಸುದ್ದಿ ಬಂತು. ಪ್ರತಿ 10 ದಿನಕ್ಕೊಮ್ಮೆ ಗೇಮ್ ತಾನೇ ಕಂಪನಿಯ ಸರ್ವರ್‌ಗೆ ಹೋಗಿ ‘ನಾನು ಒರಿಜಿನಲ್’ ಎಂದು ಹಾಜರಿ ಹಾಕಬೇಕಂತೆ. ಜಾಮೀನಿನ ಮೇಲೆ ಹೊರಗಿರುವವನು ಸ್ಟೇಷನ್ನಿಗೆ ಹೋಗಿ ಸಹಿ ಹಾಕುವುದಿಲ್ಲವೇ, ಹಾಗೆ. ಗಲಾಟೆ ಎದ್ದಿತು. ಆ ನಿಯಮ ಕೈಬಿಟ್ಟರು. ಅದರ ಬದಲು ಒಂದು ಪ್ರತಿಯನ್ನು 3 ಕಂಪ್ಯೂಟರ್‌ಗಳಿಗಷ್ಟೇ ಹಾಕಬಹುದು ಅನ್ನುವ ಮಿತಿ ಇಟ್ಟರು.

2011ರ ಏಪ್ರಿಲ್‌ನಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಡ್ರ್ಯಾಗನ್ ಏಜ್: ಒರಿಜಿನ್ಸ್ ಆಡುತ್ತಿದ್ದವರಲ್ಲಿ ಕತೆಯ ಹೆಚ್ಚುವರಿ ಕಂತುಗಳನ್ನೂ ಕಾಸು ಕೊಟ್ಟು ಕೊಂಡವರಿದ್ದರು. ಆ ಕಂತುಗಳು ಒರಿಜಿನಲ್ಲೇ ಎಂದು ತಪಾಸಣೆ ಮಾಡುವ ಸರ್ವರ್ ಕೆಟ್ಟು ಹೋಯಿತು. ದಿನಗಟ್ಟಲೆ ಜನರ ಸೇವ್ ಫೈಲ್‌ಗಳು, ಅಂದರೆ ಅಲ್ಲಿಯವರೆಗೆ ಆಡಿದ್ದನ್ನು ಉಳಿಸಿಟ್ಟ ಫೈಲ್‌ಗಳು, ತೆರೆಯಲಿಲ್ಲ. ಕ್ರ್ಯಾಕ್ ಮಾಡಿದ, ಅಂದರೆ ಬೀಗ ಮುರಿದ ಪ್ರತಿ ಇಟ್ಟುಕೊಂಡವನು ಸರ್ವರನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಅವನಿಗೇನು ತೊಂದರೆ? ಆರಾಮಾಗಿ ಆಡಿಕೊಂಡಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ ಅಲ್ವಾ?

ಈ ಜಾತಿಯ ಆಟಗಳಲ್ಲಿ ಸೇವ್ ಫೈಲ್ ಅಂದರೆ ಏನು ಅಂತ ಆಡದವರಿಗೆ ಹೇಳುವುದು ಕಷ್ಟ. ನಮ್ಮ ಮಗ ಒಂದು ಬೇಸಿಗೆ ರಜೆಯಿಡೀ ಒಬ್ಬ ಮಾಂತ್ರಿಕನನ್ನು ಬೆಳೆಸಿದ. ಹೆಸರು ಅವನದೇ, ಮುಖ ಅವನದೇ. ಯಾರ ಜೊತೆ ಸ್ನೇಹ, ಯಾರಿಗೆ ಮೋಸ ಎಂಬ ತೀರ್ಮಾನಗಳೂ ಅವನವೇ. ಐವತ್ತು, ನೂರು ಗಂಟೆಯ ಬಾಳು ಅದು. ಒಂದು ಸಂಜೆ ಊಟಕ್ಕೆ ಕರೆದರೆ ಬರಲೇ ಇಲ್ಲ. ಹೋಗಿ ನೋಡಿದರೆ ಪರದೆಯ ಮೇಲೆ ‘ದೃಢೀಕರಣ ಸಾಧ್ಯವಾಗಲಿಲ್ಲ’ ಅನ್ನುವ ಅರ್ಥದ ಒಂದು ಸಾಲು. ಹುಡುಗ ಅದನ್ನೇ ನೋಡುತ್ತಾ ಕೂತಿದ್ದ. ಡಿಸ್ಕ್ ಎಸ್.ಪಿ. ರಸ್ತೆಯಲ್ಲಿ ಬಿಲ್ ಸಮೇತ ತಂದಿದ್ದು. ಬಿಲ್ಲನ್ನು ಪರದೆಗೆ ತೋರಿಸೋಣ ಅಂದರೆ ಅದಕ್ಕೆ ಕಣ್ಣಿಲ್ಲವಲ್ಲ! ಪಕ್ಕದ ಬೀದಿಯ ಅವನ ಸ್ನೇಹಿತ ಅದೇ ಗೇಮನ್ನು ಮೆಜೆಸ್ಟಿಕ್ ಕಡೆಯಿಂದ ತಂದ ಡೂಪ್ಲಿಕೇಟ್ ಸಿ.ಡಿ.ಯಲ್ಲಿ ಆಡಿ ಮುಗಿಸಿಯೂ ಆಗಿತ್ತು. ‘ಅಪ್ಪಾ, ಒರಿಜಿನಲ್ ಯಾಕೆ ತಂದೆ?’ ಎಂದು ನಮ್ಮವನು ಕೇಳಿದ. ಉತ್ತರ ಹೊಳೆಯಲಿಲ್ಲ. ‘ಬಾ, ಸಾರು ಆರುತ್ತೆ’ ಅಂದೆವು.

ಡಯಾಬ್ಲೊ 3ರ ಕತೆ ನಿಮಗೂ ಗೊತ್ತಿರಬೇಕು. 2012ರ ಮೇ 15ರಂದು ಬಿಡುಗಡೆ. ಒಬ್ಬನೇ ಕೂತು ಆಡುವವನೂ ಸರ್ವರ್‌ಗೆ ಸೇರಿಕೊಂಡೇ ಇರಬೇಕು ಅನ್ನುವ ನಿಯಮ. ಮೊದಲ ದಿನವೇ 35 ಲಕ್ಷ ಪ್ರತಿ ಖರ್ಚಾಯಿತು. ಕೊಂಡವರಿಗೆ ಕಂಡದ್ದು ‘ಎರರ್ 37’, ಸರ್ವರ್ ಬ್ಯುಸಿ. ಟಿಕೆಟ್ ಹರಿಸಿ ಒಳಗೆ ಬಿಟ್ಟ ಮೇಲೆ ಕುರ್ಚಿ ಖಾಲಿ ಇಲ್ಲ ಎಂದ ಹಾಗೆ.

ಬೀಗ ಇಲ್ಲದಿದ್ದರೆ ಎಲ್ಲರೂ ಕದಿಯುತ್ತಾರೆ ಅನ್ನಬಹುದು ನೀವು. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪನಿಯನ್ನು ನೋಡಿ. 2011ರಲ್ಲಿ ಅವರ ವಿಚರ್ 2 ಬಂತು. ಅಂಗಡಿಯಲ್ಲಿ ಮಾರಿದ ಡಿಸ್ಕ್‌ಗೆ ಬೀಗ ಇತ್ತು. ಅವರದೇ ಆನ್‌ಲೈನ್ ಮಳಿಗೆ ಜಿಒಜಿಯಲ್ಲಿ ಬೀಗವೇ ಇಲ್ಲದ ಪ್ರತಿ ಸಿಗುತ್ತಿತ್ತು. ಕಳ್ಳರು ಯಾವುದನ್ನು ಹಂಚಿದರು ಹೇಳಿ? ಬೀಗ ಇದ್ದದ್ದನ್ನೇ ಮುರಿದು ಹಂಚಿದರು! ಮಳಿಗೆಯವರಿಗೇ ಆಶ್ಚರ್ಯವಾಯಿತಂತೆ. ಬೀಗದಿಂದ ಗೇಮ್ ನಿಧಾನವಾಗುತ್ತದೆ ಎಂದು ದೂರು ಬಂದಾಗ, ಕೆಲವೇ ದಿನಗಳಲ್ಲಿ ಒಂದು ಪ್ಯಾಚ್ (ಗೇಮಿಗೆ ತಿದ್ದುಪಡಿ) ಬಿಟ್ಟು ಅದನ್ನು ಕಿತ್ತೇ ಹಾಕಿದರು. ಅವರೇನು ಸಂತರಲ್ಲ. ಜರ್ಮನಿಯಲ್ಲಿ ಡೌನ್‌ಲೋಡ್ ಮಾಡಿದ ಅನುಮಾನವಿದ್ದವರಿಗೆಲ್ಲ ವಕೀಲರ ನೋಟಿಸ್ ಕಳಿಸಿದರು. ಜನ ಬೈದ ಮೇಲೆ 2012ರ ಆರಂಭದಲ್ಲಿ ನಿಲ್ಲಿಸಿದರು. ಅವರ ಮುಂದಿನ ಗೇಮ್ ವಿಚರ್ 3 ಜಿಒಜಿಯಲ್ಲಿ ಬೀಗ ಇಲ್ಲದೆಯೇ ಬಂತು, ಕೋಟಿಗಟ್ಟಲೆ ಮಾರಾಟವಾಯಿತು.

ಸಿಟ್ಟು ಯಾಕೆ ಅಂದಿರಲ್ಲ, ಈ ಊರಿನ ಯಾವುದಾದರೂ ದೊಡ್ಡ ಸೂಪರ್ ಮಾರ್ಕೆಟ್‌ಗೆ ಹೋಗಿ ಬನ್ನಿ. ಕ್ಯೂ ನಿಂತು, ದುಡ್ಡು ಕೊಟ್ಟು, ಚೀಲ ಹಿಡಿದು ಹೊರಟಾಗ ಬಾಗಿಲಲ್ಲಿ ಒಬ್ಬ ನಿಲ್ಲಿಸುತ್ತಾನೆ. ಬಿಲ್ ಕೇಳುತ್ತಾನೆ. ಚೀಲದೊಳಗೆ ಇಣುಕಿ, ಬಿಲ್ಲಿಗೆ ಒಂದು ತೂತು ಹೊಡೆದು ಕಳಿಸುತ್ತಾನೆ. ಪಾಪ, ಅವನ ತಪ್ಪೇನೂ ಇಲ್ಲ, ಸಂಬಳಕ್ಕೆ ನಿಂತವನು. ಆದರೂ ಹಿಂದೆ ನಿಂತವರು ನೋಡುತ್ತಿರುವಾಗ ಕಿವಿ ಬಿಸಿಯಾಗುತ್ತದೆ. ನಮಗಂತೂ ಆಗುತ್ತದೆ. ಪಕ್ಕದ ಶೆಟ್ಟರ ಅಂಗಡಿಯಲ್ಲಿ ‘ಬರೆದುಕೊಳ್ಳಿ’ ಅಂದರೆ ಸಾಕು, ಸಾಮಾನು ಮನೆಗೆ ಬರುತ್ತದೆ.

ಪುಸ್ತಕದ ಮಾತಿಗೆ ಬರೋಣ, ಅದು ನಮ್ಮ ಕಸುಬು. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ತೆಗೆದುಕೊಂಡರೆ ಒಳಪುಟದಲ್ಲಿ ಮೂವರ ಹೆಸರಿರುತ್ತದೆ. ಒಬ್ಬರು ಓದಿ, ಇನ್ನೊಬ್ಬರಿಗೆ ಕೊಟ್ಟು, ಅವರು ಮಾರಿ. ಇ-ಪುಸ್ತಕ ಹಾಗೆ ಕೈ ಬದಲಾಯಿಸುವುದಿಲ್ಲ, ಡೌನ್‌ಲೋಡ್ ಮಾಡಿಕೊಂಡ ಗೇಮೂ ಇಲ್ಲ. ಬಟನ್ ಮೇಲೆ ‘ಕೊಳ್ಳಿ’ ಅಂತಿರುತ್ತದೆ, ಕೊಡುವುದು ಬಾಡಿಗೆಗೆ. ಹಾಗೆ ಮಾರುವವರು ಇದು ಲೈಸೆನ್ಸ್ ಮಾತ್ರ ಎಂದು ಮೊದಲೇ ಹೇಳಬೇಕು ಎಂದು ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯೂ ನೀವು ಅಂದುಕೊಂಡಷ್ಟು ಗಡುಸಲ್ಲ. ಕಾಸು ಕೊಟ್ಟು ಪಡೆದ ಪ್ರೋಗ್ರಾಂಗೆ ಬ್ಯಾಕಪ್ ಮಾಡಿಟ್ಟುಕೊಳ್ಳಲು 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಜೈಲು ಅನ್ನುತ್ತದೆ ನಿಜ, ಆದರೆ ಹಕ್ಕು ಕದಿಯುವ ಉದ್ದೇಶ ಇದ್ದರೆ ಮಾತ್ರ. ಕಾಯ್ದೆ ಬರೆದವರಿಗೆ ಕಂಡ ವ್ಯತ್ಯಾಸ ನಿಮಗೆ ಕಾಣದೆ ಹೋಯಿತಲ್ಲ ಸ್ವಾಮಿ!

ಈಗ ನಿಮ್ಮ ತಾತನ ಲೇಖನ.

1998ರಲ್ಲಿ ನಮ್ಮ ಆಫೀಸಿನಲ್ಲಿ ಡಿಟಿಪಿಗೆ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸಕ್ಕೆ, ಒಂದು ಕನ್ನಡ ಸಾಫ್ಟ್‌ವೇರ್ ಇತ್ತು, ಪೂರ್ತಿ ದುಡ್ಡು ಕೊಟ್ಟು ತಂದದ್ದು. ಅದರ ಜೊತೆ ಒಂದು ಡಾಂಗಲ್ ಬಂದಿತ್ತು. ಬೆಂಕಿಪೊಟ್ಟಣದಷ್ಟು ದಪ್ಪದ ಪ್ಲಾಸ್ಟಿಕ್ ತುಂಡು. ಪ್ರಿಂಟರ್ ಸಿಕ್ಕಿಸುವ ಕಡೆ ಅದನ್ನು ಚುಚ್ಚಿಟ್ಟಿದ್ದರೆ ಮಾತ್ರ ಕನ್ನಡ ಮೂಡುತ್ತಿತ್ತು. ಆಯುಧ ಪೂಜೆ ಬಂತು. ಆಫೀಸಿನ ಹುಡುಗ ಭಕ್ತಿಯಿಂದ ಎಲ್ಲ ಕಂಪ್ಯೂಟರ್ ಬಿಚ್ಚಿ ಒರೆಸಿದ, ವಿಭೂತಿ ಎಳೆದ, ಕುಂಕುಮ ಇಟ್ಟ, ಬಾಳೆಕಂದು ಕಟ್ಟಿದ. ಮರುದಿನ ನೋಡಿದರೆ ಡಾಂಗಲ್ ಇಲ್ಲ. ಹೂವು, ಒಡೆದ ಬೂದುಗುಂಬಳದ ಚೂರು, ಎಲ್ಲದರ ಜೊತೆ ಕಸದ ಲಾರಿ ಹತ್ತಿರಬೇಕು. ವಿಶೇಷಾಂಕಕ್ಕೆ ಇನ್ನು ಮೂರೇ ವಾರ. ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದರೆ ‘ಡಾಂಗಲ್ ಕಳೆದರೆ ಹೊಸ ಪ್ರತಿಯನ್ನೇ ಕೊಳ್ಳಬೇಕು’ ಅಂದರು. ಬಿಲ್ ಇದೆ ಅಂದೆವು. ‘ಬಿಲ್ ಇದ್ದರೆ ಏನು ಸಾರ್, ಡಾಂಗಲ್ ಇಲ್ವಲ್ಲ’ ಅಂದರು. ಡಿ.ಡಿ. ಕಳಿಸಿದೆವು. ಹೊಸದು ಬರುವ ಹೊತ್ತಿಗೆ ದೀಪಾವಳಿ ಮುಗಿದಿತ್ತು.

ವಿಶೇಷಾಂಕ ಹೇಗೆ ಬಂತು ಅನ್ನುತ್ತೀರಾ? ಚಾಮರಾಜಪೇಟೆಯ ಒಂದು ಪುಟ್ಟ ಪ್ರೆಸ್ಸಿನಲ್ಲಿ ಅದೇ ಸಾಫ್ಟ್‌ವೇರಿನ ಕ್ರ್ಯಾಕ್ ಪ್ರತಿ ಇತ್ತು. ರಾತ್ರಿ ಹೋಗಿ ಕೂತು ಎಲ್ಲ ಪುಟ ಅಲ್ಲೇ ಮಾಡಿದೆವು. ನಿಮ್ಮ ತಾತನ ಲೇಖನವೂ ಅದರಲ್ಲೇ ಕಂಪೋಸ್ ಆಗಿದ್ದು. ಹಿರಿಯರು ಕ್ಷಮಿಸಬೇಕು.

ಫೈಲುಗಳೇನೋ ಜೋಪಾನವಾಗಿವೆ. ಆದರೆ ಆ ಫಾಂಟ್ ಇಲ್ಲದೆ ತೆರೆದರೆ ಚುಕ್ಕಿ, ಡಾಲರ್ ಗುರುತು, ಸೊಟ್ಟ ಅಕ್ಷರ ಬಿಟ್ಟು ಬೇರೇನೂ ಕಾಣುವುದಿಲ್ಲ. ಎರಡನೇ ಡಾಂಗಲ್ ನಮ್ಮ ಡ್ರಾಯರಿನಲ್ಲೇ ಇದೆ. ಅದನ್ನು ಸಿಕ್ಕಿಸುವ ಕಿಂಡಿ ಇರುವ ಕಂಪ್ಯೂಟರ್ ನಮ್ಮಲ್ಲಿ ಒಂದೂ ಉಳಿದಿಲ್ಲ. ಹಾಗಾಗಿ ಸಂಚಿಕೆಯನ್ನೇ ಹುಡುಕಿ, ನಾಲ್ಕೂ ಪುಟ ಜೆರಾಕ್ಸ್ ಮಾಡಿಸಿ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದ್ದೇವೆ. ಮೂರನೇ ಪುಟದ ಮೂಲೆಯಲ್ಲಿರುವ ಕಾಫಿ ಕಲೆ ನಮ್ಮದು.