ಊರಿನವರ ಸೊಸೈಟಿ, ಐದು ಲಕ್ಷದ ಲೆಕ್ಕ

ಪ್ರಶ್ನೆ: ನಮ್ಮ ಯಜಮಾನರು ಅಂಧೇರಿಯಲ್ಲಿ 26 ವರ್ಷ ಫ್ಯಾಕ್ಟರಿ ಕ್ಯಾಂಟೀನ್ ನಡೆಸಿದವರು. ಮೊಣಕಾಲು ನೋವು ಜಾಸ್ತಿಯಾಗಿ ಬಿಟ್ಟುಕೊಟ್ಟಿದ್ದೇವೆ. ಉಳಿಸಿದ್ದು ಒಟ್ಟು 24 ಲಕ್ಷ. ಅದರಲ್ಲಿ 16 ಲಕ್ಷ ಒಂದು ಸಹಕಾರಿ ಬ್ಯಾಂಕಿನಲ್ಲಿದೆ. ನಾಲ್ಕು ಎಫ್‌ಡಿ, ಒಂದೊಂದೂ 4 ಲಕ್ಷದ್ದು, ಎಲ್ಲವೂ ಅವರ ಹೆಸರಿನಲ್ಲಿ. ಮಿಕ್ಕ 8 ಲಕ್ಷ ನಮ್ಮ ಊರಿನವರೇ ನಡೆಸುವ ಸೊಸೈಟಿಯಲ್ಲಿದೆ. 2025ರ ಫೆಬ್ರವರಿಯಲ್ಲಿ ಮುಂಬೈಯ ಇನ್ನೊಂದು ಸಹಕಾರಿ ಬ್ಯಾಂಕಿನ ಬಾಗಿಲಲ್ಲಿ ಜನ ಅಳುತ್ತಾ ನಿಂತದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ನನಗೆ ಸರಿಯಾಗಿ ನಿದ್ದೆ ಇಲ್ಲ. "ಒಂದೊಂದು ಎಫ್‌ಡಿಯೂ 5 ಲಕ್ಷದ ಒಳಗೇ ಇದೆ, ಸರ್ಕಾರದ ವಿಮೆ ಇದೆ, ಸುಮ್ನಿರು" ಎನ್ನುತ್ತಾರೆ ಇವರು. ನಿಜವಾ ಅಣ್ಣ?
— ಓದುಗರೊಬ್ಬರು, ಚೆಂಬೂರು

ಉತ್ತರ: ಯಜಮಾನರ ಲೆಕ್ಕ ತಪ್ಪು ತಂಗಿ. ಅವರೊಬ್ಬರದೇ ತಪ್ಪಲ್ಲ. ನಾನು ಬ್ಯಾಂಕ್ ಕೌಂಟರಿನ ಆಚೆ ಕೂತಿದ್ದ 34 ವರ್ಷದಲ್ಲಿ ಹತ್ತರಲ್ಲಿ ಎಂಟು ಜನ ಹೀಗೇ ಹೇಳುತ್ತಿದ್ದರು.

ಐದು ಲಕ್ಷದ ವಿಮೆ ರಸೀದಿಗಲ್ಲ, ಆಸಾಮಿಗೆ. ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲೂ ಒಬ್ಬರ ಹೆಸರಿನಲ್ಲಿರುವ ಉಳಿತಾಯ ಖಾತೆ, ಎಫ್‌ಡಿ, ಆರ್‌ಡಿ ಎಲ್ಲವನ್ನೂ ಕೂಡಿಸುತ್ತಾರೆ. ಬಡ್ಡಿಯೂ ಅದರಲ್ಲೇ ಸೇರುತ್ತದೆ. ಕೂಡಿಸಿದ ಮೇಲೆ 5 ಲಕ್ಷದವರೆಗೆ ಮಾತ್ರ ರಕ್ಷಣೆ. ಅಂದರೆ ನಿಮ್ಮ 16 ಲಕ್ಷದಲ್ಲಿ 11 ಲಕ್ಷ ಬಯಲಲ್ಲಿದೆ. ಈ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನದೇ ಸಂಸ್ಥೆ, ಡಿಐಸಿಜಿಸಿ. 1993ರಿಂದ ಮಿತಿ ಬರೀ 1 ಲಕ್ಷ ಇತ್ತು. 2019ರಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕ್ (ಪಿಎಂಸಿ) ಮುಳುಗಿ ಇಡೀ ಮುಂಬೈ ಗಲಾಟೆ ಎದ್ದಿತು. ಮಿತಿ 5 ಲಕ್ಷಕ್ಕೆ ಏರಿದ್ದು ಅದಾದ ಮೇಲೆ, 2020ರ ಫೆಬ್ರವರಿಯಲ್ಲಿ. ಪಿಎಂಸಿಯಲ್ಲಿ ದೊಡ್ಡ ಮೊತ್ತ ಇಟ್ಟವರಿಗೆ ಪೂರ್ತಿ ಹಣ ಸಿಗಲು ಹತ್ತು ವರ್ಷದ ಕಂತು ಹಾಕಿಕೊಟ್ಟಿದ್ದಾರೆ. ಅರವತ್ತು ದಾಟಿದವರಿಗೆ ಹತ್ತು ವರ್ಷ ಅಂದರೆ ಏನು ಅಂತ ಯೋಚಿಸಿ.

ನೀವು ಟಿವಿಯಲ್ಲಿ ನೋಡಿದ್ದು ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್. ಅದರ ಸುದ್ದಿ ಕೇಳಿ ನನಗೆ ಬೇರೆ ಕಾರಣಕ್ಕೂ ಬೇಜಾರಾಯಿತು. 1968ರಲ್ಲಿ ಅದನ್ನು ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕ್ ಎಂಬ ಹೆಸರಿನಲ್ಲಿ ಕಟ್ಟಿದವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಟ್ಯಾಕ್ಸಿಯವರು, ಹೋಟೆಲಿನ ಹುಡುಗರು ಇಂಥವರಿಗೆ ಆಗ ದೊಡ್ಡ ಬ್ಯಾಂಕುಗಳ ಮೆಟ್ಟಿಲು ಹತ್ತಲೂ ಅಂಜಿಕೆ. ಅಂಥ ಬ್ಯಾಂಕಿನ ತಿಜೋರಿಯಿಂದಲೇ 122 ಕೋಟಿ ನಗದು ಹೋಯಿತು ಎಂಬ ಆರೋಪ! ಠೇವಣಿದಾರರ ಅದೃಷ್ಟ, ಅದೇ ವರ್ಷದ ಆಗಸ್ಟ್‌ನಲ್ಲಿ ಅದು ಸಾರಸ್ವತ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಮೊದಲ ಎರಡು ವಾರ ಒಂದು ರೂಪಾಯಿಯೂ ಕೈಗೆ ಬರಲಿಲ್ಲ. ಆಮೇಲೆ 25 ಸಾವಿರ ತೆಗೆಯಲು ಬಿಟ್ಟರು. ವಿಮೆ ಹಣಕ್ಕೆ ಕಾನೂನಿನ ಗಡುವೇ 90 ದಿನ. ಆ ಮೂರು ತಿಂಗಳು ಬಿಪಿ ಮಾತ್ರೆ ಯಾರು ತಂದುಕೊಡುತ್ತಾರೆ?

ಈಗ ನಿಮ್ಮ ಕೆಲಸ. ನಾಲ್ಕು ಎಫ್‌ಡಿಗಳಲ್ಲಿ ಒಂದು ಯಜಮಾನರ ಹೆಸರಿನಲ್ಲೇ ಇರಲಿ, ಒಂದು ನಿಮ್ಮೊಬ್ಬರ ಹೆಸರಿಗೆ ಬರಲಿ. ಜಂಟಿ ಖಾತೆಗೆ ವಿಮೆ ಬೇರೆಯೇ. ಅವರ ಹೆಸರು ಮೊದಲಿದ್ದರೆ ಒಂದು ಲೆಕ್ಕ, ನಿಮ್ಮ ಹೆಸರು ಮೊದಲಿದ್ದರೆ ಇನ್ನೊಂದು ಲೆಕ್ಕ. ನಗಬೇಡಿ, ನಿಯಮ ಇರುವುದೇ ಹಾಗೆ. ಹೀಗೆ ಅದೇ ಬ್ಯಾಂಕಿನಲ್ಲೇ 16 ಲಕ್ಷಕ್ಕೂ ವಿಮೆ ಕೂರಿಸಬಹುದು. ಆದರೂ ಎರಡನ್ನು ತೆಗೆದು ಬೇರೆ ಬ್ಯಾಂಕಿನಲ್ಲಿಡಿ ಎಂದೇ ನಾನು ಹೇಳುವುದು. ವಿಮೆ ಇದ್ದರೂ ಬಾಗಿಲು ಮುಚ್ಚಿದರೆ ಎಲ್ಲ ಒಟ್ಟಿಗೇ ಸಿಕ್ಕಿಕೊಳ್ಳುತ್ತದೆ. ಅವಧಿಗೆ ಮೊದಲು ಮುರಿದರೆ ಬಡ್ಡಿ ಸ್ವಲ್ಪ ಕಡಿಯುತ್ತಾರೆ. ಕಡಿಯಲಿ ಬಿಡಿ.

ನನಗೆ ನಿಜವಾದ ಚಿಂತೆ ಆ 8 ಲಕ್ಷದ್ದು. ಸೊಸೈಟಿಗೆ, ಮರಾಠಿಯವರು ಪತ್‌ಪೇಢಿ ಅಂತಾರಲ್ಲ, ಅದಕ್ಕೆ ಈ ವಿಮೆ ಇಲ್ಲವೇ ಇಲ್ಲ. ಒಂದು ರೂಪಾಯಿಗೂ ಇಲ್ಲ. ಅದು ಬ್ಯಾಂಕೇ ಅಲ್ಲ. ಬೋರ್ಡಿನಲ್ಲಿ 'ಬ್ಯಾಂಕ್' ಎಂದು ಬರೆದುಕೊಳ್ಳಲೂ ಕಾನೂನು ಬಿಡುವುದಿಲ್ಲ. ನಾವು ಮನೆಯಲ್ಲಿ ಮಾತ್ರ ಅದನ್ನು 'ಬ್ಯಾಂಕು' ಎಂದೇ ಕರೆಯುತ್ತೇವೆ. ಪಿಗ್ಮಿಯವನು ದಿನಾ ಗಲ್ಲಾದ ಹತ್ತಿರ ಬಂದು ನಿಲ್ಲುತ್ತಾನೆ, ತುಳುವಿನಲ್ಲಿ ಮಾತಾಡುತ್ತಾನೆ, ಚಾ ಕುಡಿದು ಹೋಗುತ್ತಾನೆ. ನಂಬದೇ ಇರುವುದು ಹೇಗೆ? ಪಿಗ್ಮಿ ಹುಟ್ಟಿದ್ದೇ ನಮ್ಮ ಕಡೆ ಅಲ್ವಾ. 1928ರಲ್ಲಿ ಟಿ.ಎಂ.ಎ. ಪೈಯವರು ದಿನಕ್ಕೆ ಎರಡಾಣೆ ಎತ್ತಿಸಿ ಶುರು ಮಾಡಿದ್ದು. ಆದರೆ ಆ ಎರಡಾಣೆ ಸೇರುತ್ತಿದ್ದದ್ದು ಬ್ಯಾಂಕಿಗೆ.

ನನ್ನದೇ ಕಥೆ ಹೇಳುತ್ತೇನೆ, ನಾಚಿಕೆ ಬಿಟ್ಟು. ಬ್ಯಾಂಕ್ ಆಫೀಸರನಾಗಿದ್ದವನು ನಾನು. ಆದರೂ ಅಮ್ಮನ 2 ಲಕ್ಷವನ್ನು ಡೊಂಬಿವಿಲಿಯ ಸ್ಟೇಷನ್ ಹತ್ತಿರದ ಒಂದು ಸೊಸೈಟಿಯಲ್ಲಿಟ್ಟೆ. ಬಡ್ಡಿ ಎರಡು ಪರ್ಸೆಂಟ್ ಜಾಸ್ತಿ ಇತ್ತು, ನಿಜ. ಅದಕ್ಕಿಂತ ದೊಡ್ಡ ಕಾರಣ, ಸೆಕ್ರೆಟರಿ ಕುಂದಾಪುರದವರು, ನಮ್ಮ ಭಾವನ ಪರಿಚಯ. ಅವಧಿ ಮುಗಿದಾಗ "ಮುಂದಿನ ವಾರ ಬನ್ನಿ" ಎಂದರು. ಮುಂದಿನ ವಾರಗಳು ನಾಲ್ಕು ವರ್ಷ ನಡೆದವು. ಐದು ಸಾವಿರ, ಹತ್ತು ಸಾವಿರ ಹೀಗೆ ಚೂರುಚೂರಾಗಿ ಅಸಲು ಬಂತು. ಬಡ್ಡಿ ಕೇಳಲು ನನಗೇ ಬಾಯಿ ಬರಲಿಲ್ಲ. ಪ್ರತೀ ಮದುವೆಯಲ್ಲೂ ಅವರು ಸಿಗುತ್ತಿದ್ದರು, ಪಕ್ಕದ ಎಲೆಗೇ ಕೂರುತ್ತಿದ್ದರು. ಊರಿನವರಲ್ಲಿ ದುಡ್ಡಿಟ್ಟರೆ ಜಗಳ ಮಾಡುವ ಹಕ್ಕನ್ನೂ ಅವರ ಹತ್ತಿರವೇ ಇಟ್ಟ ಹಾಗೆ.

ಎಲ್ಲ ಸೊಸೈಟಿಯೂ ಹಾಗಲ್ಲ, ಚೆನ್ನಾಗಿ ನಡೆಯುವವೂ ಇವೆ. ಆದರೆ ಹೊರಗೆ ನಿಂತು ನೀವೂ ನಾನೂ ಅದನ್ನು ಹೇಳಲಾರೆವು. ಅವಧಿ ಮುಗಿದದ್ದನ್ನು ನವೀಕರಿಸಬೇಡಿ, ವಾಪಸ್ ಕೇಳಿ. ಕೊಟ್ಟರೆ ಒಳ್ಳೆಯದು. "ಮುಂದಿನ ವಾರ" ಎಂದರೆ ಅವತ್ತೇ ಕಾಗದದಲ್ಲಿ ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಪ್ರಶ್ನೆ: ನನ್ನ ಎಫ್‌ಡಿಗೆ ಮಗನೊಬ್ಬನನ್ನೇ ನಾಮಿನಿ ಮಾಡಿದ್ದೇನೆ. ಮಗಳು ಮುನಿಸಿಕೊಂಡಿದ್ದಾಳೆ. ಈಗ ಇಬ್ಬರ ಹೆಸರು ಹಾಕಬಹುದಾ?
— ಹಿರಿಯರೊಬ್ಬರು, ಪುಣೆ

ಉತ್ತರ: ಹಾಕಬಹುದು ಸ್ವಾಮಿ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು, ಒಟ್ಟು ನೂರಾಗಬೇಕು ಅಷ್ಟೆ. ನಾಮಿನಿ ಎಂದರೆ ವಾರಸುದಾರ ಅಲ್ಲ, ಬ್ಯಾಂಕಿನಿಂದ ಹಣ ಪಡೆಯುವ ಕೈ ಮಾತ್ರ. ಹಕ್ಕು ಉಯಿಲಿನಿಂದ ಅಥವಾ ವಾರಸಿನಿಂದ ಬರುವುದು. ಇದನ್ನು ಮಗಳಿಗೂ ಹೇಳಿ, ಮಗನಿಗೆ ಇನ್ನೂ ಬಿಡಿಸಿ ಹೇಳಿ. ಕೌಂಟರಿನಲ್ಲಿ ಒಂದೇ ಹೆಸರಿನ ಜಾಗವಿರುವ ಹಳೆ ಫಾರಂ ಕೊಟ್ಟರೆ ತುಂಬಬೇಡಿ, ಹೊಸದು ಕೇಳಿ.