ಹೀಟ್ ಪಂಪೋ, ಗ್ಯಾಸ್ ಫರ್ನೇಸೋ? ಮೊದಲು ಎರಡೂ ಬಿಲ್ ಎದುರಿಗಿಟ್ಟುಕೊಳ್ಳಿ

ಹಳೇ ಗ್ಯಾಸ್ ಫರ್ನೇಸ್ (ಗ್ಯಾಸ್ ಉರಿಸಿ ಮನೆಗೆ ಬಿಸಿಗಾಳಿ ಕೊಡುವ ಯಂತ್ರ) ಕೈಕೊಡುತ್ತಿದೆ, ಚಳಿಗಾಲದಲ್ಲಿ ಮೈನಸ್ 10 ಡಿಗ್ರಿವರೆಗೂ ಇಳಿಯುತ್ತದೆ, ಮತ್ತೆ ಅದನ್ನೇ ಹಾಕಿಸಲೋ ಕರೆಂಟಿನಿಂದ ನಡೆಯುವ ಹೀಟ್ ಪಂಪ್ ಹಾಕಿಸಲೋ ಎಂದು ಕೇಳಿದ್ದೀರಿ. ಬ್ರ್ಯಾಂಡ್ ವಿಚಾರ ಆಮೇಲೆ. ಮೊದಲು ಲೆಕ್ಕ ಹಾಕಿ.

ಒಂದು ಘನಮೀಟರ್ ನೈಸರ್ಗಿಕ ಅನಿಲದಲ್ಲಿ ಸುಮಾರು 10.5 ಯೂನಿಟ್ (ಕಿಲೋವ್ಯಾಟ್-ಅವರ್) ಶಾಖವಿರುತ್ತದೆ. ಒಂದು ಘನಮೀಟರ್ ಗ್ಯಾಸ್ ದರವನ್ನು 10.5ರಿಂದ ಭಾಗಿಸಿ, ಕರೆಂಟಿನ ಯೂನಿಟ್ ದರ ಅದರ ಎಷ್ಟು ಪಟ್ಟು ಎಂದು ನೋಡಿ. ಒಳ್ಳೆಯ ಕಂಡೆನ್ಸಿಂಗ್ ಫರ್ನೇಸ್ (ಹೊಗೆಯಲ್ಲಿ ಹೋಗುವ ಶಾಖವನ್ನೂ ಹಿಡಿದುಕೊಳ್ಳುವಂಥದ್ದು) ಗ್ಯಾಸಿನ ಶಾಖದಲ್ಲಿ 95% ಮನೆಗೆ ಕೊಡುತ್ತದೆ. ಹೀಟ್ ಪಂಪ್ ಹೊರಗಿನ ಶಾಖವನ್ನು ಒಳಗೆ ಸಾಗಿಸುವುದರಿಂದ ಒಂದು ಯೂನಿಟ್ ಕರೆಂಟಿಗೆ 8 ಡಿಗ್ರಿಯಲ್ಲಿ ಮೂರೂವರೆಯಷ್ಟು, ಮೈನಸ್ 10ರಲ್ಲಿ ಎರಡು ಚಿಲ್ಲರೆ ಯೂನಿಟ್ ಶಾಖ ಕೊಡುತ್ತದೆ. ಹಾಗಾಗಿ ಪಟ್ಟು ಮೂರಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ಹೀಟ್ ಪಂಪ್ ಅಗ್ಗ, ನಾಲ್ಕು ದಾಟಿದರೆ ಗ್ಯಾಸ್. ನಡುವೆ ಇದ್ದು, ಬೇಸಿಗೆಗೆ ಎಸಿಯೂ ಬೇಕಿದ್ದರೆ ನಾನು ಹೀಟ್ ಪಂಪ್ ಎನ್ನುತ್ತೇನೆ. ಎರಡು ಕೆಲಸಕ್ಕೂ ಅದೇ ಯಂತ್ರ ಸಾಕು.

ಎಡವಟ್ಟಾಗುವುದು ಹೆಚ್ಚಾಗಿ ಡಕ್ಟ್‌ನಲ್ಲಿ, ಅಂದರೆ ಬಿಸಿಗಾಳಿಯನ್ನು ರೂಮುಗಳಿಗೆ ಒಯ್ಯುವ ಕೊಳವೆಯಲ್ಲಿ. ಫರ್ನೇಸಿನ ಗಾಳಿ 50-60 ಡಿಗ್ರಿ ಬಿಸಿ, ಹೀಟ್ ಪಂಪಿನದು 35-40 ಅಷ್ಟೇ. ಅಷ್ಟೇ ಶಾಖ ಕೊಡಲು ಹೆಚ್ಚು ಗಾಳಿ ಬೀಸಬೇಕು: ಯಂತ್ರದ ಸಾಮರ್ಥ್ಯದ ಪ್ರತಿ ಟನ್ನಿಗೆ (ಎಸಿಯ ಟನ್ ಲೆಕ್ಕವೇ) ಗಂಟೆಗೆ ಸುಮಾರು 680 ಘನಮೀಟರ್. ಹಳೇ ಡಕ್ಟ್ ಕಿರಿದಾಗಿದ್ದರೆ ಸದ್ದು ಬರುತ್ತದೆ, ರೂಮು ಬೆಚ್ಚಗಾಗುವುದಿಲ್ಲ, ರೆಫ್ರಿಜರೆಂಟಿನ (ಯಂತ್ರದೊಳಗೆ ಶಾಖ ಹೊತ್ತು ಸುತ್ತುವ ಅನಿಲ) ಒತ್ತಡ ಏರಿ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಕೊಟೇಶನ್ ಕೊಡಲು ಬಂದವರು ಸ್ಟ್ಯಾಟಿಕ್ ಪ್ರೆಶರ್ (ಡಕ್ಟ್ ಒಳಗಿನ ಗಾಳಿಯ ಒತ್ತಡ) ಅಳೆಯದೇ ಹೊರಟರೆ ಬೇರೆಯವರನ್ನು ಕರೆಸಿ.

ಇನ್ನೊಂದು, ಹೀಟ್ ಪಂಪಿನ ಶಾಖ ಸಾಲದಾಗ ಆನ್ ಆಗುವ ಬ್ಯಾಕಪ್ ಹೀಟರ್ ಕಾಯಿಲ್. ಒಂದು ಯೂನಿಟ್ ಕರೆಂಟಿಗೆ ಅದು ಕೊಡುವುದು ಒಂದೇ ಯೂನಿಟ್ ಶಾಖ. ರಾತ್ರಿ ಥರ್ಮೋಸ್ಟಾಟ್ ಐದು ಡಿಗ್ರಿ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಈ ಕಾಯಿಲ್ ಆನ್ ಆಗಿ ಉಳಿಸಿದ್ದೆಲ್ಲ ಹೋಗುತ್ತದೆ. ಒಂದೇ ಉಷ್ಣತೆಯಲ್ಲಿ ಬಿಡಿ. ಹೊರಗೆ ಇಂತಿಷ್ಟು ಡಿಗ್ರಿಗಿಂತ ಮೇಲಿದ್ದಾಗ ಕಾಯಿಲ್ ಆನ್ ಆಗದಂತೆ ಲಾಕ್ ಮಾಡಿಸಿ. ಹೀಟ್ ಪಂಪಿನ ಹೊರಗಿಟ್ಟ ಭಾಗದಿಂದ ಆಗಾಗ ಹಬೆ ಎದ್ದರೆ ಗಾಬರಿ ಬೇಡ, ಅದು ತನ್ನ ಮೇಲೆ ಕಟ್ಟಿದ ಹಿಮ ಕರಗಿಸಿಕೊಳ್ಳುತ್ತಿರುತ್ತದೆ. ಆ ನೀರು ಹರಿದುಹೋಗಲು ಜಾಗ ಬಿಟ್ಟು, ಹಿಮ ಬೀಳುವ ಮಟ್ಟಕ್ಕಿಂತ ಎತ್ತರದ ಸ್ಟ್ಯಾಂಡ್ ಮೇಲೆ ಕೂರಿಸಬೇಕು.

ಫರ್ನೇಸೇ ಹಾಕಿಸಿದರೆ ಕಾರ್ಬನ್ ಮಾನಾಕ್ಸೈಡ್ (ವಿಷಾನಿಲ) ಅಲಾರಂ ಹಾಕಿಸಲೇಬೇಕು. ಕರೆಂಟ್ ಹೋದರೆ ಫರ್ನೇಸಿನ ಬ್ಲೋವರ್ (ಗಾಳಿ ಬೀಸುವ ಫ್ಯಾನ್) ಕೂಡ ನಿಲ್ಲುತ್ತದೆ, ಆದರೆ ಅದನ್ನು ನಡೆಸಲು ಚಿಕ್ಕ ಜನರೇಟರ್ ಸಾಕು.

ಹೀಟ್ ಪಂಪ್ ಆದರೆ ಮೈನಸ್ 10ರಲ್ಲಿ ಎಷ್ಟು ಕಿಲೋವ್ಯಾಟ್ ಕೊಡುತ್ತದೆ ಎಂಬ ಟೇಬಲ್ ಕೇಳಿ ಪಡೆಯಿರಿ. ಬ್ರೋಷರ್‌ನಲ್ಲಿ ದೊಡ್ಡದಾಗಿ ಹಾಕಿರುವ ಅಂಕಿ ಸಾಮಾನ್ಯವಾಗಿ 7-8 ಡಿಗ್ರಿಯದು.